ಚುಸೊಕ್ ಹಬ್ಬಕ್ಕೆ ಕರೆ ಬಂದಾಗ: ಕೊರಿಯಾಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಆಗಸ್ಟ್ ಕೊನೆಯಲ್ಲಿ ಓದಲಿಕ್ಕೋ ಕೆಲಸಕ್ಕೋ ಕೊರಿಯಾಗೆ ಬಂದಿಳಿದವರಿಗೆ ಮೊದಲು ಎದುರಾಗುವ ದೊಡ್ಡ ಹಬ್ಬ ಚುಸೊಕ್. ವಿದೇಶಿಯರ ಗುರುತಿನ ಚೀಟಿ ಇನ್ನೂ ಕೈಗೆ ಬಂದಿರುವುದಿಲ್ಲ, ಸಾರಿಗೆ ಯಾವ ಬೇಳೆ ಎಲ್ಲಿ ಸಿಗುತ್ತದೆ ಅಂತ ಗೊತ್ತಾಗಿರುವುದಿಲ್ಲ. ಅಷ್ಟರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊರಟುಬಿಡುತ್ತದೆ. ನಾನು ದೇಜೊನ್‌ಗೆ ಬಂದಿದ್ದು 2013ರಲ್ಲಿ. ಆ ವರ್ಷ ಚುಸೊಕ್ ಸೆಪ್ಟೆಂಬರ್ 19ಕ್ಕಿತ್ತು. ನಾನು ಬಂದು ಮೂರು ವಾರ ಕೂಡ ಆಗಿರಲಿಲ್ಲ. ಹಾಸ್ಟೆಲಿನ ಊಟದ ಮನೆ ಐದು ದಿನ ಮುಚ್ಚುತ್ತದೆ ಅಂತ ಯಾರೂ ಹೇಳಿರಲಿಲ್ಲ. ನಮ್ಮ ಮಹಡಿಯಲ್ಲಿ ಉಳಿದವರು ನಾನು ಮತ್ತು ವಿಯೆಟ್ನಾಂನ ಒಬ್ಬ ಹುಡುಗಿ. ಐದು ದಿನ ಬ್ರೆಡ್ಡು, ಬಾಳೆಹಣ್ಣು, ಹಾಲು. ಹಬ್ಬ ಅವರದ್ದು, ನಮಗೇನು ಅಂದುಕೊಂಡು ಸುಮ್ನೆ ರೂಮಿನಲ್ಲೇ ಕೂತಿದ್ದೆ. ಆ ಎಣಿಕೆ ತಪ್ಪು ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ನಿಮಗೆ ಅಷ್ಟು ಕಾಲ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಆಫೀಸಿನಲ್ಲಿ ಯಾರನ್ನಾದರೂ ಕೇಳಿದರೆ ಇದು 'ಕೊರಿಯನ್ ಥ್ಯಾಂಕ್ಸ್‌ಗಿವಿಂಗ್' ಅನ್ನುತ್ತಾರೆ. ನಮಗೆ ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಚುಸೊಕ್ ಅಂದರೆ ಎಡೆ ಇಡುವ ಹಬ್ಬ. ನಮ್ಮ ಕಡೆ ಮಾರ್ಲಮಿಗೆ ತೀರಿಹೋದ ಹಿರಿಯರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವಲ್ಲ, ಅದೇ ಮನಸ್ಸು. ಜೊತೆಗೆ ಹೊಸ ಬೆಳೆಯ ಸಂಭ್ರಮ. ಇಷ್ಟು ತಲೆಯಲ್ಲಿದ್ದರೆ ಆ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವುದರಲ್ಲಿ ಮುಕ್ಕಾಲು ಪಾಲು ನಿಮಗೆ ಆಗಲೇ ಗೊತ್ತಿರುತ್ತದೆ.

ದಿನದ ಲೆಕ್ಕವೂ ನಮಗೆ ಹತ್ತಿರದ್ದೇ. ಚಾಂದ್ರಮಾನದ ಎಂಟನೇ ತಿಂಗಳ ಹದಿನೈದನೇ ದಿನ, ಹುಣ್ಣಿಮೆ. ಸಾಮಾನ್ಯವಾಗಿ ಗಣೇಶನ ಹಬ್ಬ ಆಗಿ ಹತ್ತು ಹನ್ನೆರಡು ದಿನಕ್ಕೆ ಬರುತ್ತದೆ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ, ಚುಸೊಕ್ 17ಕ್ಕೆ. ಅದರ ಬೆನ್ನಿಗೇ ನಮ್ಮಲ್ಲಿ ಪಿತೃಪಕ್ಷ ಶುರುವಾಯಿತು. ಅವರಿಗೂ ಅಧಿಕ ಮಾಸ ಉಂಟು. ಆದರೆ ಅವರ ಅಧಿಕ ಮತ್ತು ನಮ್ಮ ಅಧಿಕ ಒಂದೇ ವರ್ಷ ಬರಬೇಕು ಅಂತೇನಿಲ್ಲ. 2025ರಲ್ಲಿ ಅವರಿಗೆ ಅಧಿಕ ಬಂದು ಹಬ್ಬ ಅಕ್ಟೋಬರ್ 6ಕ್ಕೆ ಹೋಯಿತು, ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಮಾಡುವ ಹೊತ್ತಿಗೆ. 2026ರಲ್ಲಿ ಸೆಪ್ಟೆಂಬರ್ 25, ಶುಕ್ರವಾರ. 2027ರಲ್ಲಿ ಸೆಪ್ಟೆಂಬರ್ 15. ಹಿಂದಿನ ದಿನ, ಹಬ್ಬದ ದಿನ, ಮಾರನೇ ದಿನ, ಹೀಗೆ ಮೂರು ದಿನ ಸರ್ಕಾರಿ ರಜೆ. ಈ ಮೂರರಲ್ಲಿ ಒಂದು ಭಾನುವಾರ ಬಂದರೆ ಬದಲಿ ರಜೆ ಕೊಡುತ್ತಾರೆ. ಶನಿವಾರ ಬಂದರೆ ಕೊಡುವುದಿಲ್ಲ.

ಮೊದಲು ಹೊಟ್ಟೆಪಾಡಿನ ವಿಷಯ ಮುಗಿಸಿಬಿಡೋಣ. ಹಬ್ಬಕ್ಕೆ ಎರಡು ದಿನ ಮೊದಲೇ ತರಕಾರಿ, ಅಕ್ಕಿ, ಹಾಲು, ಮಾತ್ರೆ ಎಲ್ಲ ತಂದಿಟ್ಟುಕೊಳ್ಳಿ. ಹಬ್ಬದ ದಿನ ದೊಡ್ಡ ಅಂಗಡಿಗಳೂ ಹೋಟೆಲುಗಳೂ ಬಹಳಷ್ಟು ಮುಚ್ಚಿರುತ್ತವೆ, ತೆರೆದಿರುವುದು ಮೂಲೆಮೂಲೆಯ ಕನ್ವೀನಿಯೆನ್ಸ್ ಸ್ಟೋರ್. ಕೊರಿಯರ್ ತಡವಾಗುತ್ತದೆ. ಕಸದ ಗಾಡಿ ಕೂಡ ಒಂದೆರಡು ದಿನ ಬರುವುದಿಲ್ಲ, ಯಾವ ದಿನ ಬರುವುದಿಲ್ಲ ಅಂತ ಲಿಫ್ಟಿನ ಹತ್ತಿರ ಚೀಟಿ ಅಂಟಿಸಿರುತ್ತಾರೆ, ಅದರ ಫೋಟೋ ತೆಗೆದು ಯಾರ ಹತ್ತಿರವಾದರೂ ಓದಿಸಿಕೊಳ್ಳಿ. ಜ್ವರವೋ ಮತ್ತೇನೋ ಬಂದರೆ 119ಕ್ಕೆ ಕರೆ ಮಾಡಿ. ಅದು ಆಂಬುಲೆನ್ಸಿಗೆ ಮಾತ್ರ ಅಲ್ಲ, ಯಾವ ಆಸ್ಪತ್ರೆ, ಯಾವ ಔಷಧಿ ಅಂಗಡಿ ತೆರೆದಿದೆ ಅಂತಲೂ ಹೇಳುತ್ತಾರೆ. ವೀಸಾ ಕೆಲಸ ಏನಾದರೂ ಬಾಕಿ ಇದ್ದರೆ ರಜೆಗೆ ಮೊದಲೇ ಮುಗಿಸಿ. ಬಂದ 90 ದಿನದೊಳಗೆ ನೋಂದಣಿ ಆಗಬೇಕು ಅನ್ನುವ ನಿಯಮ ಹಬ್ಬ ಬಂತು ಅಂತ ನಿಲ್ಲುವುದಿಲ್ಲ.

ಪ್ರಯಾಣದಲ್ಲಿ ಒಂದು ವಿಷಯ ಗೊತ್ತಿದ್ದರೆ ಸಾಕು. ಹಬ್ಬಕ್ಕೆ ಮೊದಲು ಜನ ರಾಜಧಾನಿ ಸೋಲ್‌ನಿಂದ ಹೊರಗೆ ಹೋಗುತ್ತಾರೆ, ಹಬ್ಬ ಮುಗಿದ ಮೇಲೆ ಸೋಲ್‌ಗೆ ವಾಪಸ್ ಬರುತ್ತಾರೆ. ಆ ಕಡೆಯ ರೈಲಿನ ಟಿಕೆಟುಗಳು ವಾರಗಟ್ಟಲೆ ಮೊದಲೇ, ಬುಕಿಂಗ್ ತೆರೆದ ಬೆಳಿಗ್ಗೆಯೇ ಖಾಲಿ. ನೀವು ಅದರ ಎದುರು ದಿಕ್ಕಿಗೆ ಹೋಗಿ. ದೇಜೊನ್, ಪೊಹಾಂಗ್, ಉಲ್ಸಾನ್ ಕಡೆ ಇರುವವರಿಗೆ ಹಬ್ಬದ ಹಿಂದಿನ ದಿನ ಸೋಲ್ ಕಡೆಗೆ ಸೀಟು ಸಿಗುವುದು ಅಷ್ಟು ಕಷ್ಟವಲ್ಲ. ಕಾರಿನಲ್ಲಿ ಹೋಗುವ ಗೆಳೆಯರು ಕರೆದರೆ ತಿಂಡಿ ಕಟ್ಟಿಕೊಂಡು ಹೊರಡಿ. ಹೆದ್ದಾರಿಯಲ್ಲಿ ಟೋಲ್ ಇರುವುದಿಲ್ಲ, ಆದರೆ ಎರಡು ಗಂಟೆಯ ದಾರಿಗೆ ಐದು ಗಂಟೆ ಹಿಡಿದರೂ ಹಿಡಿಯಿತು.

ಹಬ್ಬ ಹತ್ತಿರ ಬಂದ ಹಾಗೆ ಉಡುಗೊರೆಯ ಡಬ್ಬಗಳು ಬರುತ್ತವೆ. ಅಡುಗೆ ಎಣ್ಣೆ, ಟ್ಯೂನಾ ಮೀನಿನ ಡಬ್ಬಿ, ಶಾಂಪೂ ಮತ್ತು ಟೂತ್‌ಪೇಸ್ಟ್, ಗಿಮ್ ಅನ್ನುವ ಕಡಲ ಸೊಪ್ಪಿನ ಹಾಳೆ, ಪೇರುಹಣ್ಣು (ಸೀಬೆ ಅಲ್ಲ, ಇಂಗ್ಲಿಷಿನ ಪಿಯರ್). ಎಲ್ಲಕ್ಕಿಂತ ಜಾಸ್ತಿ ಸ್ಪಾಮ್ ಅನ್ನುವ ಹಂದಿ ಮಾಂಸದ ಡಬ್ಬಿ, ಒಂಬತ್ತೋ ಹನ್ನೆರಡೋ ಸಾಲಾಗಿ ಜೋಡಿಸಿ, ರೇಷ್ಮೆಯಂಥ ಬಟ್ಟೆಯ ಮೇಲೆ ಇಟ್ಟು ಕೊಡುತ್ತಾರೆ. ಸಸ್ಯಾಹಾರಿಗಳು ಗಾಬರಿಯಾಗಬೇಡಿ, ಬೇಡ ಅನ್ನಲೂ ಬೇಡಿ. ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿ. ಆಮೇಲೆ ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಪ್ರತಿ ವರ್ಷ ನಮ್ಮ ಅಪಾರ್ಟ್‌ಮೆಂಟ್ ಕಾವಲುಗಾರರಿಗೆ ಕೊಡುತ್ತೇನೆ. ಹೋದ ವರ್ಷ ಅವರು ಮಾರನೇ ದಿನ ಬಂದು ತಮ್ಮ ಹೊಲದ ಸಿಹಿಗೆಣಸು ಒಂದು ಚೀಲ ಬಾಗಿಲ ಹತ್ತಿರ ಇಟ್ಟು ಹೋಗಿದ್ದರು.

ಈಗ ಮುಖ್ಯ ವಿಷಯ. ಯಾರಾದರೂ ಮನೆಗೆ ಕರೆದರೆ ಹೋಗಿ. ಒಂದು ಸಲ ಮಾತಿಗೆ ಕರೆದಿದ್ದಾರೋ ನಿಜವಾಗಿ ಕರೆದಿದ್ದಾರೋ ಅಂತ ಅನುಮಾನ ಬಂದರೆ, ಎಷ್ಟು ಗಂಟೆಗೆ ಬರಲಿ ಅಂತ ಕೇಳಿ. ಗಂಟೆ ಹೇಳಿದರೆ ಅದು ನಿಜವಾದ ಕರೆ. ಚುಸೊಕ್ ಮನೆಯೊಳಗಿನ ಹಬ್ಬ, ಹೊರಗಿನವರನ್ನು ಸುಮ್ಮನೆ ಕರೆಯುವುದಿಲ್ಲ. ಕರೆದಿದ್ದಾರೆ ಅಂದರೆ ನಿಮ್ಮನ್ನು ಒಳಗಿನವರ ಹಾಗೆ ನೋಡಿದ್ದಾರೆ.

ಕೈಯಲ್ಲಿ ಏನು ಹಿಡಿದುಕೊಂಡು ಹೋಗುವುದು? ಪೇರು ಅಥವಾ ಸೇಬಿನ ಒಂದು ಪೆಟ್ಟಿಗೆ ಯಾವತ್ತಿಗೂ ಸರಿ. ಕೊರಿಯಾದ ಪೇರುಹಣ್ಣು ಸಣ್ಣ ತೆಂಗಿನಕಾಯಿ ಗಾತ್ರ ಇರುತ್ತದೆ, ರಸ ತುಂಬಿರುತ್ತದೆ, ನಾಜು ಊರಿನದ್ದು ಹೆಸರಾದದ್ದು. ಪೀಚ್ ಹಣ್ಣು ಮಾತ್ರ ಒಯ್ಯಬೇಡಿ. ಪೀಚ್ ಇದ್ದಲ್ಲಿ ಹಿರಿಯರ ಆತ್ಮ ಬರುವುದಿಲ್ಲ ಅಂತ ಅವರ ನಂಬಿಕೆ, ಅದನ್ನು ಎಡೆಗೆ ಇಡುವುದಿಲ್ಲ. ನಮ್ಮ ಸಿಹಿ ಕೊಡಬೇಕು ಅನ್ನಿಸಿದರೆ ಎಳ್ಳು ಚಿಕ್ಕಿ ಒಯ್ಯಿರಿ. ಅವರಲ್ಲೂ ಗಾಂಗ್‌ಜೊಂಗ್ ಅಂತ ಎಳ್ಳಿನ ಚಿಕ್ಕಿಯಂಥದ್ದೇ ತಿಂಡಿ ಇದೆ, ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಮೈಸೂರು ಪಾಕು ನಮಗೆ ಪ್ರಾಣ, ಆದರೆ ಅಷ್ಟು ಸಿಹಿ ಅವರಿಗೆ ಅಭ್ಯಾಸ ಇಲ್ಲ. ಒಂದು ಚೂರು ತಿಂದು ಉಳಿದದ್ದು ಫ್ರಿಜ್ಜಿನಲ್ಲಿ ಉಳಿದುಬಿಡುತ್ತದೆ.

ಹಬ್ಬದ ಬೆಳಿಗ್ಗೆ ನಡೆಯುವ ಪೂಜೆಗೆ ಚಾರ್ಯೆ ಅನ್ನುತ್ತಾರೆ. ಹಿಂದೆ ಚಿತ್ರದ ಪರದೆ, ಮುಂದೆ ಎತ್ತರದ ಮೇಜು, ಮೇಜಿನ ಮೇಲೆ ಸಾಲು ಸಾಲಾಗಿ ತಿಂಡಿ. ಮನೆ ಯಾವ ದಿಕ್ಕಿಗೇ ಇರಲಿ, ಪರದೆ ಇರುವ ಕಡೆಯೇ ಉತ್ತರ ಅಂತ ಲೆಕ್ಕ. ಆ ಲೆಕ್ಕದಲ್ಲಿ ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ. ಊದುಬತ್ತಿ ಹಚ್ಚುತ್ತಾರೆ, ಅಕ್ಕಿಯ ಮದ್ಯ ಬಗ್ಗಿಸುತ್ತಾರೆ, ನೆಲಕ್ಕೆ ಹಣೆ ತಾಗುವ ಹಾಗೆ ಎರಡು ಸಲ ನಮಸ್ಕಾರ ಮಾಡುತ್ತಾರೆ. ಬದುಕಿರುವ ಹಿರಿಯರಿಗೆ ಒಂದು, ತೀರಿಹೋದವರಿಗೆ ಎರಡು. ಆಮೇಲೆ ಹಿರಿಯರು ಊಟ ಮಾಡಲಿ ಅಂತ ಎಲ್ಲರೂ ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ನಾವು ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಬಂದು ಕಾಯುವುದಿಲ್ಲವೇ, ಹಾಗೇ. ಮೊದಲ ಸಲ ಆ ಮೌನದಲ್ಲಿ ನಿಂತಾಗ ನನಗೆ ಅಜ್ಜನ ಮನೆಯ ನಡುಮನೆ ಕಣ್ಣ ಮುಂದೆ ಬಂತು.

ನೀವು ಹಿಂದೆ ನಿಂತು ನೋಡಿದರೆ ಸಾಕು. ನಮಸ್ಕಾರ ಮಾಡುತ್ತೀಯಾ ಅಂತ ಅವರೇ ಕೇಳಿದರೆ ಮಾಡಿ. ಗಂಡಸರು ಎಡಗೈ ಮೇಲೆ, ಹೆಂಗಸರು ಬಲಗೈ ಮೇಲೆ ಇಟ್ಟುಕೊಂಡು ಬಾಗಬೇಕು. ಕೇಳದೆ ಫೋಟೋ ತೆಗೆಯಬೇಡಿ. ಊಟಕ್ಕೆ ಕೂತಾಗ ಅನ್ನದಲ್ಲಿ ಚಮಚ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ತೀರಿಹೋದವರಿಗೆ ಬಡಿಸುವ ಕ್ರಮ. ಇನ್ನೊಂದು ಮಾತು, ಎಲ್ಲ ಕೊರಿಯನ್ನರೂ ಚಾರ್ಯೆ ಮಾಡುವುದಿಲ್ಲ. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಪ್ರಾರ್ಥನೆ ಇರುತ್ತದೆ, ನಮಸ್ಕಾರ ಇರುವುದಿಲ್ಲ. ಕೆಲವರು ರಜೆ ಸಿಕ್ಕಿತು ಅಂತ ವಿಮಾನ ಹತ್ತುತ್ತಾರೆ. ಮೊದಲೇ ಊಹೆ ಮಾಡಿಕೊಂಡು ಹೋಗಬೇಡಿ.

ಪೂಜೆ ಆದ ಮೇಲೆ ಎಡೆಯ ತಿಂಡಿಯನ್ನೇ ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಅದಕ್ಕೆ ಉಂಬೊಕ್ ಅನ್ನುತ್ತಾರೆ, ಆಶೀರ್ವಾದವನ್ನು ಕುಡಿಯುವುದು ಅಂತ ಅದರ ಅರ್ಥ. ಮದ್ಯ ಕೊಟ್ಟಾಗ, ಕುಡಿಯದವರಾದರೆ ಎರಡು ಕೈಯಲ್ಲಿ ಬಟ್ಟಲು ತೆಗೆದುಕೊಂಡು ತುಟಿಗೆ ತಾಗಿಸಿ ಇಟ್ಟುಬಿಡಿ. ಕುಡಿಯುವವರು ಹಿರಿಯರ ಎದುರು ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕುಡಿಯಿರಿ.

ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿಬಿಡುವುದು ಒಳ್ಳೆಯದು. 'ಗೊಗಿ ಆನ್ ಮೊಗೊಯೊ' ಅಂದರೆ ಮಾಂಸ ತಿನ್ನುವುದಿಲ್ಲ ಅಂತ. ಮೀನನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ 'ಸೆಂಗ್‌ಸೊನ್‌ದೊ ಆನ್ ಮೊಗೊಯೊ' ಅಂತ ಅದನ್ನೂ ಸೇರಿಸಿ. ಜೊನ್ ಅನ್ನುವುದು ಬೋಂಡಾ ಥರ ಕಂಡರೂ ಮೊಟ್ಟೆಯಲ್ಲಿ ಅದ್ದಿ ಕಾಯಿಸಿದ್ದು. ಕುಂಬಳದ ಜಾತಿಯ ಎಳೆಕಾಯಿಯದ್ದೂ ಇರುತ್ತದೆ, ಮೀನಿನದ್ದೂ ಇರುತ್ತದೆ, ಒಂದೇ ಬಾಣಲೆಯಲ್ಲಿ. ಜಾಪ್ಚೇ ಅನ್ನುವ ಗೆಣಸಿನ ಶಾವಿಗೆಯಲ್ಲಿ ದನದ ಮಾಂಸ ಹಾಕುವುದೇ ರೂಢಿ. ತೊರಾನ್ ಅಂದರೆ ನಮ್ಮ ಕೆಸುವಿನ ಗೆಡ್ಡೆ, ಅದನ್ನು ನೋಡಿ ಖುಷಿಪಟ್ಟು ಸಾರು ಬಡಿಸಿಕೊಳ್ಳಬೇಡಿ, ಆ ಸಾರು ದನದ ಮಾಂಸದ್ದೇ ಸಾಮಾನ್ಯ. ನೀವು ಧೈರ್ಯವಾಗಿ ತಿನ್ನಬಹುದಾದದ್ದು ಹಣ್ಣು, ಶಿಕ್ಯೆ ಅನ್ನುವ ಅಕ್ಕಿಯ ಸಿಹಿ ಪಾನಕ, ಜೇನು ಹಾಕಿದ ಯಾಕ್‌ಗ್ವಾ ಅನ್ನುವ ಕರಿದ ಸಿಹಿತಿಂಡಿ, ಮತ್ತೆ ಸೊಂಗ್‌ಪ್ಯೊನ್ ಅನ್ನುವ ಅಕ್ಕಿ ಹಿಟ್ಟಿನ ಸಿಹಿ ಕಡುಬು. ಸೊಪ್ಪಿನ ಪಲ್ಯದಂಥ ನಾಮುಲ್ ಮೂರು ಬಣ್ಣದ್ದು ಇರುತ್ತದೆ: ಬಿಳಿಯ ದೊರಾಜಿ ಬೇರು, ಕಂದು ಬಣ್ಣದ ಗೊಸಾರಿ ಜರೀಗಿಡದ ಚಿಗುರು, ಹಸಿರು ಪಾಲಕ್. ಮೀನಿನ ರಸ ಹಾಕಿದ್ದೀರಾ ಅಂತ ಕೇಳಿ ತಿನ್ನಿ. ಎಡೆಗೆ ಇಡುವ ನಾಮುಲ್‌ಗೆ ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ ಹಾಕುವುದಿಲ್ಲ. ದಿನಾ ಬೆಳ್ಳುಳ್ಳಿ ಇಲ್ಲದೆ ಅಡುಗೆಯನ್ನೇ ಮಾಡದ ದೇಶ ಇದು, ಅಂಥ ಕಡೆ ಹಿರಿಯರ ಎಡೆಗೆ ಮಾತ್ರ ಬೇಡ. ನಮ್ಮ ಶ್ರಾದ್ಧದ ಅಡುಗೆಗೂ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಮೆಣಸಿನಕಾಯಿ ಬದಲು ಕಾಳುಮೆಣಸು. ಇದನ್ನು ಆ ಮನೆಯ ಅಜ್ಜಿಗೆ ಹೇಳಿ ನೋಡಿ. ನನ್ನ ಅನುಭವದಲ್ಲಿ ಆ ಒಂದು ಮಾತಿನ ಮೇಲೆ ಅರ್ಧ ಗಂಟೆ ಮಾತು ನಡೆಯುತ್ತದೆ.

ನನಗೆ ಸೊಂಗ್‌ಪ್ಯೊನ್ ಕಲಿಸಿದ್ದು ದೇಜೊನ್‌ನ ಯುಸೊಂಗ್‌ನಲ್ಲಿ ನನ್ನ ಬಾಡಿಗೆ ಕೋಣೆಯ ಮಾಲೀಕರಾದ ಅಜ್ಜಿ. 2015ರ ಚುಸೊಕ್, ಭಾನುವಾರ. ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿ, ಕೈ ತೊಳೆದುಕೊಂಡು ಬಾ ಅಂದರು. ನೆನೆಸಿದ ಅಕ್ಕಿಯನ್ನು ಉಪ್ಪು ಹಾಕಿ ಮಾರ್ಕೆಟ್ಟಿನ ಗಿರಣಿಯಲ್ಲಿ ಬೀಸಿಸಿ ತಂದಿದ್ದರು. ಹಿಟ್ಟು ಇನ್ನೂ ಒದ್ದೆಯಾಗಿತ್ತು. ಕುದಿಯುವ ನೀರು ಸ್ವಲ್ಪ ಸ್ವಲ್ಪವೇ ಹಾಕಿ, ಮೊದಲು ಮರದ ಸೌಟಿನಲ್ಲಿ, ಆಮೇಲೆ ಅಂಗೈಯಲ್ಲಿ ನಾದಿದರು. ಒಣ ಹಿಟ್ಟಿನ ಪ್ಯಾಕೆಟ್ಟು ತಂದರೆ ಆಗುವುದಿಲ್ಲ, ಬೆಂದಾಗ ಬಿರುಕು ಬಿಡುತ್ತದೆ. ಹೂರಣಕ್ಕೆ ಹುರಿದು ಪುಡಿ ಮಾಡಿದ ಎಳ್ಳು, ಸಕ್ಕರೆ, ಚಿಟಿಕೆ ಉಪ್ಪು. ಕೆಲವರು ಹೆಸರುಬೇಳೆ ಹಾಕುತ್ತಾರೆ, ಕೆಲವರು ಚೆಸ್ಟ್‌ನಟ್. ದೊಡ್ಡ ನೆಲ್ಲಿಕಾಯಿಯಷ್ಟು ಉಂಡೆ ತೆಗೆದುಕೊಂಡು, ಹೆಬ್ಬೆರಳಿನಿಂದ ಗುಳಿ ಮಾಡಿ, ಹೂರಣ ತುಂಬಿ ಮುಚ್ಚಬೇಕು. ಮುಚ್ಚಿದ ಮೇಲೆ ಮುಷ್ಟಿಯಲ್ಲಿ ಒಂದೆರಡು ಸಲ ಬಿಗಿಯಾಗಿ ಅದುಮಬೇಕು. ಒಳಗೆ ಗಾಳಿ ಉಳಿದರೆ ಒಡೆಯುತ್ತದೆ. ಆಮೇಲೆ ಅರ್ಧಚಂದ್ರದ ಆಕಾರ.

ನನ್ನ ಕೈ ತನ್ನಷ್ಟಕ್ಕೆ ಅಂಚನ್ನು ಕರ್ಜಿಕಾಯಿಯ ಹಾಗೆ ಸಣ್ಣಗೆ ಮಡಿಸಿಬಿಟ್ಟಿತು. ಅಜ್ಜಿ ಅದನ್ನು ತಿದ್ದಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದರು, ಯಾರು ಕಲಿಸಿದ್ದು ಅಂತ ಕೇಳಿದರು. ಅಮ್ಮ ಅಂದೆ. ಸೊಂಗ್‌ಪ್ಯೊನ್ ಚೆಂದ ಮಾಡಿದವರಿಗೆ ಚೆಂದದ ಮಗಳು ಹುಟ್ಟುತ್ತಾಳೆ ಅಂತ ಇಲ್ಲೊಂದು ಮಾತಿದೆ, ಅದನ್ನು ಹೇಳಿ ನಕ್ಕರು. ಪಾತ್ರೆಯಲ್ಲಿ ತೊಳೆದ ಪೈನ್ ಎಲೆ ಹಾಸಿ, ಅದರ ಮೇಲೆ ಜೋಡಿಸಿ, ಇಪ್ಪತ್ತು ನಿಮಿಷ ಬೇಯಿಸಿದರು. ತೆಗೆದ ಕೂಡಲೇ ತಣ್ಣೀರಿನಲ್ಲಿ ಅದ್ದಿ ಎಳ್ಳೆಣ್ಣೆ ಸವರಿದರು. ಎಲೆಗಳು ಸೂಜಿಯ ಹಾಗೆ ಅಂಟಿಕೊಂಡಿರುತ್ತವೆ, ಒಂದೊಂದೇ ಬಿಡಿಸಬೇಕು. ಬಿಡಿಸಿದ ಮೇಲೂ ಕಡುಬಿನ ಮೈಮೇಲೆ ಸಣ್ಣ ಗೆರೆಗಳು ಉಳಿಯುತ್ತವೆ, ಕಾಡಿನ ವಾಸನೆ ಉಳಿಯುತ್ತದೆ. ಮಾರನೇ ಬೆಳಿಗ್ಗೆ ಎಡೆಯ ತಟ್ಟೆಯಲ್ಲಿ ನೋಡಿದರೆ, ನಾನು ಮಡಿಸಿದ ಮೂರು ಸೊಂಗ್‌ಪ್ಯೊನ್ ಎಲ್ಲಕ್ಕಿಂತ ಮೇಲಿದ್ದವು. ನನ್ನ ಹತ್ತಿರ ಏನೂ ಹೇಳಿರಲಿಲ್ಲ ಅವರು.

ಕೊರಿಯನ್ ಮನೆಗೆ ಸೊಸೆಯಾಗಿ ಬಂದ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಹಬ್ಬದ ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ನೆಲದ ಮೇಲೆ ಕೂತು ಜೊನ್ ಕಾಯಿಸುವ ಕೆಲಸ ಸೊಸೆಯಂದಿರ ಪಾಲಿಗೆ ಬರುತ್ತದೆ. ಸೊಂಟ ಹಿಡಿದುಕೊಳ್ಳುತ್ತದೆ. ಕೊರಿಯನ್ ಹೆಂಗಸರೇ ಇದಕ್ಕೆ 'ಹಬ್ಬದ ಕಾಯಿಲೆ' ಅಂತ ಹೆಸರಿಟ್ಟಿದ್ದಾರೆ. ಹೊರಗಿನವಳಾಗಿ ನಾನು ಹೇಗೆ ಎದುರು ಹೇಳಲಿ ಅಂತ ನುಂಗಿಕೊಳ್ಳಬೇಡಿ. ಕನ್‌ಫ್ಯೂಷಿಯಸ್ ಸಂಪ್ರದಾಯದ ಹಿರಿಯ ಪೀಠವಾದ ಸುಂಗ್‌ಗ್ಯುನ್‌ಗ್ವಾನ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ: ಚಾರ್ಯೆಗೆ ಎಣ್ಣೆಯಲ್ಲಿ ಕಾಯಿಸಿದ್ದು ಇರಲೇಬೇಕು ಅಂತಿಲ್ಲ, ಕೆಲವೇ ಬಗೆಯ ಸರಳ ಎಡೆ ಸಾಕು. ಈ ಮಾತನ್ನು ನಿಮ್ಮ ಗಂಡ ತನ್ನ ತಾಯಿಗೆ ಹೇಳಬೇಕು. ನೀವಲ್ಲ, ಅವನು ಹೇಳಬೇಕು. ಜೊತೆಗೆ ಕೂತು ಅವನೂ ಕಾಯಿಸಬೇಕು. ಹಿರಿಯರ ಮೇಲಿನ ಪ್ರೀತಿಗೆ ಒಬ್ಬಳ ಬೆನ್ನು ಮುರಿಯಬೇಕಾಗಿಲ್ಲ.

ಯಾರೂ ಕರೆಯದಿದ್ದರೆ? ಮೊದಲ ವರ್ಷ ಹಾಗೇ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ. ರೂಮಿನಲ್ಲಿ ಮಾತ್ರ ಕೂರಬೇಡಿ. ಸೋಲ್‌ನ ಅರಮನೆಗಳು ಚುಸೊಕ್ ರಜೆಯಲ್ಲಿ ಉಚಿತವಾಗಿ ತೆರೆದಿರುತ್ತವೆ. ದೊಡ್ಡ ರಾಷ್ಟ್ರೀಯ ಮ್ಯೂಸಿಯಂ ಹಬ್ಬದ ದಿನ ಮುಚ್ಚಿರುತ್ತದೆ, ಅದಕ್ಕೆ ಬೇರೆ ದಿನ ಹೋಗಿ. ಯೊಂಗಿನ್‌ನ ಜಾನಪದ ಗ್ರಾಮದಲ್ಲಿ, ಸೋಲ್‌ನ ನಾಮ್‌ಸಾನ್‌ಗೊಲ್ ಹಳೆಮನೆಗಳ ಹತ್ತಿರ ಹಬ್ಬದ ಆಟಪಾಟ ಇರುತ್ತದೆ. ಎಲ್ಲಾದರೂ ಗಾಂಗ್‌ಗಾಂಗ್‌ಸುಲ್ಲೇ ಕಂಡರೆ ನಿಲ್ಲಿ. ಹೆಂಗಸರು ಕೈ ಕೈ ಹಿಡಿದು ಹಾಡುತ್ತಾ ಸುತ್ತುವ ಬೆಳದಿಂಗಳ ಕುಣಿತ ಅದು, 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹಾಡು ನಿಧಾನವಾಗಿ ಶುರುವಾಗಿ ಓಟಕ್ಕೆ ಬರುತ್ತದೆ. ನೋಡುವವರನ್ನೂ ಎಷ್ಟೋ ಕಡೆ ಒಳಗೆ ಎಳೆದುಕೊಳ್ಳುತ್ತಾರೆ, ಹೋಗಿಬಿಡಿ. ಶಾಂತವಾಗಿ ಇರಬೇಕು ಅನ್ನಿಸುವವರಿಗೆ ಬೌದ್ಧ ದೇವಸ್ಥಾನಗಳಲ್ಲಿ ಉಳಿಯುವ ವ್ಯವಸ್ಥೆ ಇದೆ. ಅಲ್ಲಿನ ಅಡುಗೆಯಲ್ಲಿ ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಸಸ್ಯಾಹಾರಿಗಳು ಹೊಟ್ಟೆ ತುಂಬ, ಅನುಮಾನ ಇಲ್ಲದೆ ಉಣ್ಣುವ ಜಾಗ ಈ ದೇಶದಲ್ಲಿ ಅದೊಂದೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಒಂದು ವರ್ಷ ನಾನು ಪಾಜು ಊರಿನ ಇಮ್‌ಜಿನ್‌ಗಾಕ್‌ಗೆ ಹೋಗಿದ್ದೆ. ಉತ್ತರ ಕೊರಿಯಾದ ಗಡಿ ಅಲ್ಲಿಂದ ತೀರಾ ಹತ್ತಿರ. 1985ರಲ್ಲಿ ಕಟ್ಟಿದ ಮಾಂಗ್‌ಬೆದಾನ್ ಅನ್ನುವ ಕಲ್ಲಿನ ವೇದಿಕೆ ಇದೆ. ಯುದ್ಧದಲ್ಲಿ ಊರು ಬಿಟ್ಟು ದಕ್ಷಿಣಕ್ಕೆ ಬಂದವರು, ತಂದೆ ತಾಯಿಯ ಸಮಾಧಿಗೆ ಹೋಗಲಾಗದವರು, ಚುಸೊಕ್‌ನಂದು ಅಲ್ಲಿ ಹಣ್ಣು, ಮದ್ಯ ಇಟ್ಟು ಉತ್ತರಕ್ಕೆ ಮುಖ ಮಾಡಿ ನಮಸ್ಕಾರ ಮಾಡುತ್ತಾರೆ. ತೊಂಬತ್ತರ ಹತ್ತಿರದ ಒಬ್ಬ ಅಜ್ಜನನ್ನು ಮೊಮ್ಮಗ ಎರಡೂ ತೋಳು ಹಿಡಿದು ಬಗ್ಗಿಸಿದ. ಎದ್ದ ಮೇಲೂ ಅವರು ಬಹಳ ಹೊತ್ತು ಅಲ್ಲೇ ನಿಂತಿದ್ದರು. ನಮಗಾದರೆ ಟಿಕೆಟ್ ತೆಗೆದರೆ ಮಾರನೇ ದಿನ ಬೆಂಗಳೂರು. ಆ ದಿನ ನನ್ನ ಮನೆನೆನಪಿನ ಬಗ್ಗೆ ಯಾರ ಹತ್ತಿರವೂ ಮಾತಾಡಲು ನನಗೆ ಮನಸ್ಸಾಗಲಿಲ್ಲ.

ಎದುರು ಸಿಕ್ಕವರಿಗೆ 'ಚುಸೊಕ್ ಜಲ್ ಬೊನೆಸೆಯೊ' ಅನ್ನಿ, ಚುಸೊಕ್ ಚೆನ್ನಾಗಿ ಕಳೆಯಿರಿ ಅಂತ. ಈ ಹಬ್ಬಕ್ಕೆ ಅಚ್ಚ ಕೊರಿಯನ್ ಹೆಸರು ಹಾಂಗಾವಿ. ಜಾಸ್ತಿಯೂ ಬೇಡ, ಕಡಿಮೆಯೂ ಬೇಡ, ಎಲ್ಲ ದಿನವೂ ಹಾಂಗಾವಿಯಂತಿರಲಿ ಅಂತ ಹಳೆಯ ಗಾದೆ ಇದೆ. ವಯಸ್ಸಾದವರು ಆ ಗಾದೆ ಹೇಳಿದಾಗ ನೀವೂ ತಲೆ ಬಾಗಿಸಿ 'ನೇ', ಅಂದರೆ ಹೌದು, ಅಂತ ಹೇಳಿದರೆ ಸಾಕು.

ರಾತ್ರಿ ಎಲ್ಲರೂ ಮಹಡಿಗೋ ಅಂಗಳಕ್ಕೋ ಬಂದು ಹುಣ್ಣಿಮೆಯ ಚಂದ್ರನಿಗೆ ಕೈ ಜೋಡಿಸಿ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಾರೆ. ಬೇಡಿದ್ದನ್ನು ಕೇಳಬೇಡಿ. ಚಂದ್ರ ಕಂಡ ಕೂಡಲೇ ಮನೆಗೆ ವಿಡಿಯೋ ಕಾಲ್ ಮಾಡುವ ಆಸೆ ಆಗುತ್ತದೆ. ಸ್ವಲ್ಪ ತಡೆಯಿರಿ. ಇಲ್ಲಿಗೂ ಊರಿಗೂ ಮೂರೂವರೆ ಗಂಟೆ ಅಂತರ. ಇಲ್ಲಿ ಸಂಜೆ ಆರೂವರೆಗೆ ಚಂದ್ರ ಮೇಲೆ ಬಂದಾಗ ಅಲ್ಲಿ ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ರಾತ್ರಿ ಹತ್ತೂವರೆಗೆ ಕರೆ ಮಾಡಿ. ಆಗ ಊರಲ್ಲಿ ಏಳು ಗಂಟೆ, ಚಂದ್ರ ತೆಂಗಿನ ಮರದ ಮೇಲೆ ಬಂದಿರುತ್ತಾನೆ. ನಾನು ಹಾಗೆ ಕರೆ ಮಾಡಿ ತಟ್ಟೆಯಲ್ಲಿದ್ದ ಸೊಂಗ್‌ಪ್ಯೊನ್ ತೋರಿಸಿದಾಗ ಅಮ್ಮ ಕೇಳಿದ್ದು, ಬೆಲ್ಲ ಸಿಗಲಿಲ್ಲವಾ, ಸಕ್ಕರೆ ಯಾಕೆ ಹಾಕಿದೆ ಅಂತ. ಮುಂದಿನ ವರ್ಷ ಸೋಲ್‌ನ ಇಥೆವೊನ್‌ನ ಭಾರತೀಯ ಅಂಗಡಿಯಿಂದ ಬೆಲ್ಲ ತಂದು ಅಜ್ಜಿಗೆ ಕೊಟ್ಟೆ. ಅರ್ಧ ಹೂರಣಕ್ಕೆ ಬೆಲ್ಲ, ಅರ್ಧಕ್ಕೆ ಸಕ್ಕರೆ ಹಾಕಿದೆವು. ಬೆಲ್ಲದ್ದು ಮೊದಲು ಖಾಲಿಯಾಯಿತು.